ನೇಂದ್ರದ ಗೊನೆ ಮತ್ತು ಬಿಸಿಯಾದ ಮೋಟಾರ್ ಸೈಕಲ್

ಮೋಟಾರ್ ಸೈಕಲ್ಲಿಗೆ ಮಜ್ಜಿಗೆ ಹೊಯ್ಯಿರಿ ಎಂದು ನಿಮಗೆ ಯಾರಾದರೂ ಹೇಳಿದ್ದುಂಟೇ? ನನಗೆ ಹೋದ ಗುರುವಾರ ಹೇಳಿದರು. ಪುಂಜಾಲಕಟ್ಟೆಯಲ್ಲಿ, ನಡುರಸ್ತೆಯಲ್ಲಿ.

ಬೆಳ್ತಂಗಡಿಯಲ್ಲಿ ತಮ್ಮನ ಮಗನ ನಾಮಕರಣ. ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ, ಅಂದರೆ ನಾನು. ಯಾವ ಹೆಸರೆಂಬುದನ್ನೂ ತಮ್ಮ ನನಗೇ ಬಿಟ್ಟಿದ್ದ. ಹನ್ನೊಂದಕ್ಕೆ ಮುಹೂರ್ತ. ನಾನು ತಲುಪದಿದ್ದರೆ ಆ ಕೆಲಸಕ್ಕೆ ತಮ್ಮನ ಹೆಂಡತಿಯ ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಸಿದ್ಧವಾಗಿಯೇ ಇದ್ದರು. (ಅವರ ಮೇಲೆ ನನಗೆ ಕೋಪವಿಲ್ಲ. ದೇವರು ನೋಡುತ್ತಿದ್ದಾನೆ, ಸ್ವಲ್ಪ ಉಂಟು.)

ಬಂಟ್ವಾಳದಿಂದ ಬಸ್ಸಿನಲ್ಲಿ ಹೋಗುವ ಎಂದೆ. ನಮ್ಮ ಯಜಮಾನರು ಕೇಳಬೇಕಲ್ಲ? ಯುದ್ಧಕಾಲದ ಸೆಕೆಂಡ್ ಹ್ಯಾಂಡ್ ಮೋಟಾರ್ ಸೈಕಲ್ ಮನೆಗೆ ಬಂದು ಹದಿನೈದು ದಿನವಾಗಿತ್ತಷ್ಟೆ. ಸರಿ, ಗಣಪತಿಗೆ ಕೈಮುಗಿದೆ. ದೇವರ ಮುಂದಿಡಲು ಒಂದು ಗೊನೆ ನೇಂದ್ರಬಾಳೆ ಇತ್ತು. ಅದನ್ನು ಕಾಲಿನ ಹತ್ತಿರ, ಬೆನ್ನ ಹಿಂದೆ ಇಡುವುದುಂಟೇ? ಎದುರಿನ ಕಂಬಿಗೇ ಬಿಗಿದು ಕಟ್ಟಿಸಿದೆ.

ಅರ್ಧ ದಾರಿಯಲ್ಲಿ, ಪುಂಜಾಲಕಟ್ಟೆಯಲ್ಲಿ, ಗಾಡಿ ಕೆಮ್ಮಿತು, ನಿಂತಿತು. ಎಂಜಿನ್ ದೋಸೆ ಕಾವಲಿಯಷ್ಟು ಕಾದಿತ್ತು.

ಜನ ಸೇರಲು ಎಷ್ಟು ಹೊತ್ತು?

"ಉಷ್ಣ ಆದದ್ದು. ಮಜ್ಜಿಗೆ ಹೊಯ್ಯಿರಿ," ಎಂದರು ಹೋಟೆಲಿನ ಭಟ್ಟರು. (ಅವರಲ್ಲಿ ನಿನ್ನೆಯ ಮಜ್ಜಿಗೆ ಉಳಿದಿತ್ತು.)

"ಎಳನೀರು ಇನ್ನೂ ತಂಪು," ಎಂದರು ಎಳನೀರು ಮಾರುವವರು.

ನಾನೂ ಬಿಡಲಿಲ್ಲ. "ನೆತ್ತಿಗೆ ಹರಳೆಣ್ಣೆ ಹಚ್ಚುವ."

"ಇದಕ್ಕೆ ನೆತ್ತಿ ಎಲ್ಲಿ ಉಂಟು ಮಾರಾಯ್ತಿ?" ಎಂದರು ಯಜಮಾನರು.

"ಹಾಗಾದರೆ ನೀರು ಹೊಯ್ಯುವ. ಬಸ್ಸಿಗೆ ಹೊಯ್ಯುವುದಿಲ್ಲವಾ?"

"ಬಸ್ಸಿಗೆ ನೀರು ಹೊಯ್ಯಲಿಕ್ಕೆ ಬಾಯಿ ಉಂಟು. ಇದಕ್ಕೆ ಬಾಯಿ ಇಲ್ಲ. ಕಾದ ಎಂಜಿನ್ನಿಗೆ ಹೊಯ್ದರೆ ಒಡೆಯುತ್ತದೆ."

"ಬಾಯಿ ಇಲ್ಲದೆಯೇ ದಾರಿಯುದ್ದಕ್ಕೂ ಇಷ್ಟು ಕೂಗಿತಾ?"

ಅಷ್ಟರಲ್ಲಿ, ನಾನು ಹೋಗುವ ಎಂದಿದ್ದ ಅದೇ ಬಸ್ಸು ಬಂತು. ಡ್ರೈವರ್ ಇಳಿದು ಬಂದು ಗಾಡಿಯನ್ನು ಒಂದು ಸುತ್ತು ನೋಡಿದ.

"ಅಕ್ಕಾ, ಇದಕ್ಕೆ ಮದ್ದು ಏನೂ ಬೇಡ. ಇದಕ್ಕೆ ತಂಪು ಗಾಳಿಯಿಂದಲೇ. ಎಂಜಿನ್ನಿಗೆ ಗಾಳಿ ಬರುವ ದಾರಿಗೇ ಅಡ್ಡ ಗೊನೆ ಕಟ್ಟಿದ್ದೀರಲ್ಲ."

ಯಜಮಾನರು ನನ್ನನ್ನು ನೋಡಿದರು. ಮಾತಾಡಲಿಲ್ಲ. ಆ ದಿನದ ಮೊದಲ ದೇವರ ದಯೆ ಎಂದು ಅದನ್ನೇ ಲೆಕ್ಕ ಹಿಡಿದಿದ್ದೇನೆ.

"ಬಸ್ಸು ಹತ್ತಿ," ಎಂದ ಡ್ರೈವರ್. ಹೊಸ ಗಾಡಿಯೊಡನೆ ಯಜಮಾನರೊಬ್ಬರನ್ನೇ ಬಿಟ್ಟು ಹೋಗುವುದೇ? ಮನಸ್ಸು ಬರಲಿಲ್ಲ. ಗೊನೆ ಬಿಚ್ಚಿ ಮಡಿಲಿಗೆ ತೆಗೆದುಕೊಂಡೆ. ಎಂಜಿನ್ ಆರುವವರೆಗೆ ನೆರಳಲ್ಲಿ ಕೂತು ನನಗೆ ಬರುವ ಸ್ತೋತ್ರಗಳನ್ನೆಲ್ಲ ಹೇಳಿ ಮುಗಿಸಿದೆ. ಅನಂತರ ಒಂದೇ ಒದೆತಕ್ಕೆ ಗಾಡಿ ಹೊರಟಿತು.

ಬೆಳ್ತಂಗಡಿಯ ಅಂಗಳಕ್ಕೆ ಕಾಲಿಟ್ಟಾಗ ಚಿಕ್ಕಮ್ಮ ಮಗುವಿನ ಕಿವಿಗೆ ಬಗ್ಗಿಯೇ ಆಗಿತ್ತು.

"ಒಂದು ನಿಮಿಷ, ಚಿಕ್ಕಮ್ಮ," ಎಂದೆ, ಗೊನೆಯ ಸಮೇತ. ಅವರು ನೆಟ್ಟಗಾದರು. ಗೊನೆಯನ್ನು ಮುಟ್ಟಿ ನೋಡಿ, "ಇದು ಒಂದು ಬದಿ ಬೇಯಿಸಿ ತಂದದ್ದಾ?" ಎಂದರು.

ನಾನು ಗೊನೆಯನ್ನು ದೇವರ ಮುಂದಿಟ್ಟು ಬಂದೆ. ದಾರಿಯುದ್ದಕ್ಕೂ ಯೋಚಿಸಿದ್ದ ದೇವರ ಹೆಸರುಗಳೆಲ್ಲ ಮರೆತೇಹೋಗಿದ್ದವು. ಬಗ್ಗಿದೆ. ಬಾಯಿಗೆ ಬಂದದ್ದು ಒಂದೇ: ಅನಿಲ.

"ಗಾಳಿಯ ಹೆಸರಾ?" ಎಂದರು ಚಿಕ್ಕಮ್ಮ.

ಹೌದು. ಇನ್ನು ಹಿರಿಯರಾದ ನಾವು ಯಾರೂ ಅವನಿಗೆ ಅಡ್ಡ ಗೊನೆ ಕಟ್ಟದಿದ್ದರೆ ಸಾಕು.