ಮಾವನವರ ಗಪ್ಪಿ ಮೀನು

ಹೋದ ಭಾನುವಾರ ಬೆಳಿಗ್ಗೆ ನಾನು ಒಂದು ತೊಟ್ಟಿ ಮೀನು ಕೊಂದೆ.

ಬೇಕಂತಲೇ ಅಲ್ಲ. ಪಿರಿಯಾಪಟ್ಟಣದಿಂದ ನಾದಿನಿ ಬರುವವಳಿದ್ದಳು. (ನಾದಿನಿ ಬರುತ್ತಾಳೆ ಅಂದರೆ ಮನೆ ಎಷ್ಟು ಹೊಳೆಯಬೇಕು ಅಂತ ಸೊಸೆಯರಿಗೆ ನಾನು ಹೇಳಬೇಕೆ?) ಹುಣಸೂರಿನ ನಮ್ಮ ಮನೆಯ ಹಿತ್ತಿಲಲ್ಲಿ ಒಂದು ಸಿಮೆಂಟ್ ತೊಟ್ಟಿ ಇದೆ. ಬಟ್ಟೆ ಒಗೆಯೋಕೆ, ಅಂಗಳ ತೊಳೆಯೋಕೆ ಅದರದೇ ನೀರು. ಒಳಗೆಲ್ಲ ಪಾಚಿ ಕಟ್ಟಿತ್ತು. ಎರಡು ಹಿಡಿ ಬ್ಲೀಚಿಂಗ್ ಪೌಡರ್ ಸುರಿದು ಒಳಗೆ ಹೋದೆ. ತಿಂಡಿ ಮುಗಿಸಿ ಬಂದು ನೋಡಿದರೆ ಗಪ್ಪಿ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅದರಲ್ಲಿ ಮೀನಿರೋದು ನನಗೆ ಮರೆತೇ ಹೋಗಿತ್ತು.

ಅವು ನಮ್ಮ ಮಾವನವರ ಮೀನು.

ಗಪ್ಪಿ ನೋಡಿದ್ದೀರಲ್ಲ? ಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ಸಾರಿಗೂ ಆಗಲ್ಲ, ಹುರಿಯೋಕೂ ಆಗಲ್ಲ. ನೀರಲ್ಲಿರೋ ಸೊಳ್ಳೆ ಮರಿ ತಿನ್ನೋದೇ ಅದರ ಕೆಲಸ. ಹೋದ ವರ್ಷ ನಮ್ಮ ಬೀದಿಯಲ್ಲಿ ಡೆಂಗ್ಯೂ ಬಂದಾಗ ಆಶಾ ಕಾರ್ಯಕರ್ತೆ ಪುಟ್ಟಮಣಿ ಪ್ಲಾಸ್ಟಿಕ್ ಕವರಿನಲ್ಲಿ ಒಂದಷ್ಟು ಮೀನು ತಂದು ತೊಟ್ಟಿಗೆ ಬಿಟ್ಟರು. "ಬೇಗ ಮರಿ ಹಾಕ್ತವೆ ಯಜಮಾನ್ರೇ, ಅಕ್ಕಪಕ್ಕದವ್ರಿಗೂ ಕೊಡಿ" ಅಂತ ಮಾವನಿಗೆ ಹೇಳಿ ಹೋದರು.

ಮಾವ ಬಸ್ ಕಂಡಕ್ಟರ್ ಆಗಿದ್ದವರು. ಎಚ್.ಡಿ. ಕೋಟೆ, ಹಂಪಾಪುರ ಅಂತ ಸರ್ವೀಸ್ ಪೂರ್ತಿ ಕೂಗಿದ ಗಂಟಲು. ಅತ್ತೆ ತೀರಿಕೊಂಡ ಮೇಲೆ ಆ ಗಂಟಲು ನಿಂತೇ ಹೋಯಿತು. ಊಟಕ್ಕೆ ಕರೆದರೆ "ಹ್ಞೂಂ." ಇನ್ನೊಂಚೂರು ಬಡಿಸಲಾ ಅಂದರೆ "ಸಾಕು." ಮೀನು ಬಂದ ಮೇಲೆ ಸಂಜೆ ಹೊತ್ತು ಸ್ಟೀಲ್ ಡಬ್ಬಿಯಲ್ಲಿ ಮರಿ ಹಿಡಿದುಕೊಂಡು ಬೀದಿ ಸುತ್ತೋಕೆ ಶುರು ಮಾಡಿದರು. ನಮಗೂ ನಿರಾಳ. ವಾಕಿಂಗ್ ಆಯಿತಲ್ಲ.

ಭಾನುವಾರ ಅವರು ಬಂದು ತೊಟ್ಟಿ ನೋಡಿದರು. ಹಳೇ ಜರಡಿ ತಂದು ಸತ್ತ ಮೀನನ್ನೆಲ್ಲ ಎತ್ತಿ ಕರಿಬೇವಿನ ಗಿಡದ ಬುಡಕ್ಕೆ ಮಣ್ಣು ಮಾಡಿದರು.

"ಮರೆತುಬಿಟ್ಟೆ ಮಾವ" ಅಂದೆ.

"ಓಗ್ಲಿ ಬುಡವ್ವ" ಅಂದರು.

ಬೈದಿದ್ದರೆ ಚೆನ್ನಾಗಿತ್ತು. ಮಗಳು ಬಂದರೂ ಮಧ್ಯಾಹ್ನ ಎರಡು ತುತ್ತು ತಿಂದು ಎದ್ದರು. ಆ ಸಂಜೆ ಬೀದಿಗೆ ಹೋಗಲಿಲ್ಲ. ಸೋಮವಾರವೂ ಇಲ್ಲ. ಮಂಗಳವಾರ, ಮಾವ ಮೀನು ಕೊಟ್ಟ ಮನೆಗಳಲ್ಲೇ ಒಂದಷ್ಟು ವಾಪಸ್ ಕೇಳೋಣ ಅಂತ ನಾನೇ ಡಬ್ಬಿ ಹಿಡಿದು ಹೊರಟೆ.

ಮೊದಲು ಮಾದೇವಮ್ಮನ ಮನೆ. ಅವರು ಮೊಮ್ಮಗಳನ್ನು ನೀರಿನ ಡ್ರಮ್ ಪಕ್ಕ ಸ್ಟೂಲ್ ಮೇಲೆ ನಿಲ್ಲಿಸಿಕೊಂಡು ಊಟ ಮಾಡಿಸುತ್ತಿದ್ದರು. ಮೀನು ಮೇಲೆ ಬಂದರೆ ಒಂದು ತುತ್ತು. "ನಿಮ್ಮಾವನೇ ಏಳ್ಕೊಟ್ಟುದ್ದು ಈ ಉಪಾಯವ. ಯಾಕವ್ವ, ಎಲ್ಡು ದಿನದಿಂದ ಈ ಕಡೆ ಬರ್ನೇ ಇಲ್ವಲ್ಲ?" ಅಂದರು. ನಾನು ತಪ್ಪೊಪ್ಪಿಕೊಂಡೆ. ನಾಲ್ಕು ಮೀನು ಸಿಕ್ಕವು.

ಆಮೇಲೆ ಶಮೀಮ್ ಮನೆ. ಅವರ ಗಂಡ ಮರಗೆಲಸದವರು. ಅವರ ಅತ್ತೆ ಹಾಸಿಗೆ ಹಿಡಿದಿದ್ದಾರೆ. ಆಕೆಗೆ ಕಾಣುವ ಹಾಗೆ ಕಿಟಕಿಯಲ್ಲಿ ಗಾಜಿನ ಜಾಡಿ, ಜಾಡಿಯಲ್ಲಿ ಮೂರು ಗಪ್ಪಿ.

"ನಿಮ್ಮ ಮಾವ ಬಂದ್ರೆ ಒಂದ್ ಗಂಟೆ ಕೂತ್ಕೊಂಡು ಅಮ್ಮಿಗೆ ನಿಮ್ಮತ್ತೆ ವಿಷ್ಯ ಹೇಳ್ತಾರೆ" ಅಂದರು ಶಮೀಮ್. "ಆ ನಿಂಬೆಹಣ್ಣಿನ ಕಥೆ ನಮ್ಗೆಲ್ಲ ಬಾಯಿಪಾಠ."

"ಯಾವ ನಿಂಬೆಹಣ್ಣು?"

ಶಮೀಮ್ ನನ್ನ ಮುಖ ನೋಡಿದರು. "ನಿಮ್ಗೆ ಗೊತ್ತಿಲ್ವಾ?"

ನಮ್ಮತ್ತೆ ಮಿರ್ಲೆಯವರು. ಕಂಡಕ್ಟರ್ ಹೆಂಡತಿಗೆ ಬಸ್ ಆಗುತ್ತಿರಲಿಲ್ಲವಂತೆ. ಹತ್ತಿದರೆ ವಾಂತಿ. ಯಾವತ್ತಾದರೂ ತನ್ನ ಬಸ್ಸಿಗೇ ಹತ್ತಿಬಿಟ್ಟರೆ ಇರಲಿ ಅಂತ ಮಾವ ದಿನಾ ಟಿಕೆಟ್ ಬ್ಯಾಗಿನಲ್ಲಿ ಒಂದು ನಿಂಬೆಹಣ್ಣು ಇಟ್ಟುಕೊಳ್ಳುತ್ತಿದ್ದರಂತೆ. ರಿಟೈರ್ ಆಗುವವರೆಗೂ. ಅತ್ತೆ ಆ ಬಸ್ ಹತ್ತಿದ್ದು ಎರಡೇ ಸಲ.

ಹತ್ತೊಂಬತ್ತು ವರ್ಷದಿಂದ ಈ ಮನೆ ಸೊಸೆ ನಾನು. ನನಗೆ ಇದನ್ನು ಪಕ್ಕದ ಮನೆಯವರು ಹೇಳಬೇಕಾಯಿತು.

ಸೊಳ್ಳೆಗೆ ಅಂತ ತಂದ ಮೀನು ಏನೇನು ಮಾಡಿದೆ ನೋಡಿ. ಮಗುವಿಗೆ ಉಣ್ಣಿಸಿದೆ. ಮಲಗಿದವರಿಗೆ ಟಿವಿ ಆಗಿದೆ (ಜಾಹೀರಾತಿಲ್ಲದ ಟಿವಿ). ಮಾತು ಹೂತಿಟ್ಟುಕೊಂಡಿದ್ದ ಒಬ್ಬ ಮನುಷ್ಯನಿಗೆ ಇನ್ನೊಬ್ಬರ ಬಾಗಿಲು ತಟ್ಟೋಕೆ ನೆಪ ಕೊಟ್ಟಿದೆ. ನಾವು ಅದನ್ನು ವಾಕಿಂಗ್ ಅಂದುಕೊಂಡಿದ್ದೆವು.

ಮನೆಗೆ ಬಂದಾಗ ಡಬ್ಬಿ ನೋಡಿ ಮಾವ ಎದ್ದು ಬಂದರು. "ಈಗ್ಲೇ ತೊಟ್ಟಿಗೆ ಬುಡಬ್ಯಾಡ ಕಣವ್ವ. ನೀರ್ ಬದಲಾಯ್ಸಿ ಎಲ್ಡು ದಿನ ಬುಟ್ಟು ನೋಡವ." ಬಕೆಟ್ಟಿಗೆ ಬಿಂದಿಗೆಯಲ್ಲಿ ಹಿಡಿದಿಟ್ಟಿದ್ದ ನೀರು ತುಂಬಿ ಮೀನು ಸುರಿದರು. ಸುರಿಯುತ್ತಾ ಮೆಲ್ಲಗೆ ಅಂದರು: "ಮುಂದಕ್ಕೋಗಿ, ಮುಂದ್ಕೆ ಜಾಗ ಐತೆ."

ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. "ಮಾವ, ಅತ್ತೆಗೆ ಬಸ್ ಆಗ್ತಿರಲಿಲ್ವಂತೆ?"

"ಯಾರೇಳುದ್ರು?"

"ಶಮೀಮ್."

ಮಾವ ಖಾಲಿ ಡಬ್ಬಿ ಪಕ್ಕಕ್ಕಿಟ್ಟರು. "ಮೊದಲ್ನೇ ಸಲ ಅತ್ತಿದಾಗ ಡ್ರೈವರ್ ಹಿಂದ್ಗಡೆ ಸೀಟಲ್ಲಿ ಕೂರ್ಸಿದ್ದೆ ಕಣವ್ವ. ಬಸ್ಸು ಇನ್ನೂ ಊರೇ ದಾಟಿಲ್ಲ..."

ಒಳಗೆ ಕುಕ್ಕರ್ ಕೂಗಿತು. ನಾನು ಏಳಲಿಲ್ಲ. ನನ್ನ ಗಂಡನೇ ಹೋಗಿ ಸ್ಟವ್ ಆರಿಸಿ, ಹಿತ್ತಿಲ ಬಾಗಿಲಲ್ಲಿ ಬಂದು ನಿಂತರು. ಆ ಅಮ್ಮನ ಮಗ ಅವರು. ಅವರಿಗೂ ಇದು ಹೊಸ ಕಥೆ.

ಕೇಳಿದೆ, ಹೇಳಿದರು. ಇಷ್ಟೇ ಆಗಿದ್ದು. ಇಷ್ಟು ದಿನ ಕೇಳಬೇಡಿ ಅಂತ ನಮ್ಮನ್ನು ತಡೆದಿದ್ದವರಾದರೂ ಯಾರು?