ಮರೆತಂತೆ ಬಿಟ್ಟುಬಂದದ್ದು

ಅವನ ಕೆಲಸಕ್ಕೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಹೆಸರು. ಗಾರೆಯವನಿಗೆ ಅವನು ಕೈಯಾಳು, ಮೂಟೆ ಇಳಿಸಿಕೊಳ್ಳುವ ಅಂಗಡಿಯವನಿಗೆ ಕೂಲಿ, ನಲ್ಲಿ ಸೋರುವ ಮನೆಯವರಿಗೆ ಚಿಲ್ಲರೆ ಕೆಲಸದವನು. ಕೆಲಸ ಮುಗಿದ ಮೇಲೆ ಯಾರಿಗೂ ಏನೂ ಅಲ್ಲ. ಮನೆಯಲ್ಲಿ ಜೊತೆಗಿದ್ದ ಅವನ ಅಕ್ಕನಂತೂ ಕೇಳಿದವರಿಗೆಲ್ಲ, "ನಮ್ಮವನು ಅದೂ ಇದೂ ಮಾಡ್ಕೊಂಡಿದಾನೆ" ಎಂದು ಅರ್ಧ ಹೇಳಿ ಅರ್ಧ ನುಂಗುತ್ತಿದ್ದಳು. ಅದೂ ಇದೂ ಮಾಡುವವನಿಗೆ ಹೆಣ್ಣು ಕೊಡುವವರು ಯಾರು? ನಲವತ್ತು ದಾಟಿದರೂ ಮದುವೆಯಾಗದೆಯೇ ಉಳಿದ.

ಇಂಥವರಿಗೆ ನಾಳೆ ಎಂಬುದರ ಮೇಲೆ ಭರವಸೆಯಿಲ್ಲ. ಅದಕ್ಕೇ ಅವರಲ್ಲೊಂದು ಉಪಾಯವಿದೆ. ಮತ್ತೆ ಕರೆಯಲಿ ಅನ್ನಿಸಿದ ಮನೆಯಲ್ಲಿ ಒಂದು ಸಾಮಾನು ಮರೆತಂತೆ ಬಿಟ್ಟುಬರುವುದು. ಮರುದಿನ ತರಲು ಹೋದರೆ, "ಹೇಗೂ ಬಂದಿದೀಯ, ಈ ಕದ ಒಂಚೂರು ನೋಡು" ಅಂದೇ ಅನ್ನುತ್ತಾರೆ. ಇದನ್ನು ಮೋಸ ಅನ್ನುವವರು ತಿಂಗಳ ಸಂಬಳದವರು, ಅವರ ಮಾತು ಬಿಡಿ.

ಹಿಂದಿನ ಬೀದಿಯ ಟೈಲರಮ್ಮ, ಗಂಡ ತೀರಿಕೊಂಡ ಮೇಲೆ ಬಟ್ಟೆ ಹೊಲಿದೇ ಬದುಕಿದ ಹೆಂಗಸು, ಅವನನ್ನು ಮೊದಲ ದಿನವೇ "ಮೇಸ್ತ್ರಿ" ಎಂದು ಕರೆದಳು. ಮೇಜಿನ ಕಾಲು ಅಲ್ಲಾಡುತ್ತಿತ್ತು, ಅಷ್ಟೇ ಕೆಲಸ. ಆದರೂ ಆ ಒಂದು ಮಾತಿಗೆ ಅವನು ಹಿಗ್ಗಿಹೋದ. ಅಂದು ಉಳಿ ಬಿಟ್ಟುಬಂದ. ತಿರುವು ದಾಟುವುದರೊಳಗೆ ಅವಳು ಬರಿಗಾಲಲ್ಲಿ ಓಡಿಬಂದು, "ಮೇಸ್ತ್ರಿ, ಇದನ್ನ ಮರೆತ್ರಲ್ಲ" ಎಂದು ಕೊಟ್ಟುಹೋದಳು. ಇನ್ನೊಮ್ಮೆ ಕಿಟಕಿಯ ಚಿಲಕ ಹಾಕಲು ಹೋದಾಗ ಸುತ್ತಿಗೆ ಬಿಟ್ಟ. ಅದೂ ಬೆನ್ನಟ್ಟಿ ಬಂತು. ಇಷ್ಟು ಪ್ರಾಮಾಣಿಕರ ಮುಂದೆ ಬಡಪಾಯಿಯ ಉಪಾಯ ನಡೆಯುತ್ತದೆಯೇ? ಅವಳ ಹೊಲಿಗೆ ಯಂತ್ರದ ಸದ್ದು ಕೇಳಲೆಂದೇ ಸುತ್ತು ದಾರಿ ಹಿಡಿದು ಮನೆಗೆ ಹೋಗುತ್ತಿದ್ದ. ಸದ್ದು ಕೇಳದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ. ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಒಂದು ದಿನ ಅವಳೇ ಹೇಳಿಕಳಿಸಿದಳು. ಹೋಗಿ ನೋಡಿದರೆ ಮನೆ ತುಂಬ ಗಂಟುಮೂಟೆ.

"ಸೇತುವೆ ಆಚೆ ಅಂಗಡಿ ಸಿಕ್ಕಿದೆ ಮೇಸ್ತ್ರಿ. ಹಿಂದೆ ಒಂದು ರೂಮೂ ಇದೆ. ಸಾಮಾನು ಗಾಡಿಗೆ ಹಾಕಿಕೊಡ್ತೀರಾ?"

"ಅದಕ್ಕೇನಂತೆ, ಹಾಕಿದರಾಯ್ತು" ಎಂದ.

ಎಲ್ಲ ಗಾಡಿಗೆ ಹೇರಿದ ಮೇಲೆ ಖಾಲಿ ಕೋಣೆಯಲ್ಲಿ ಉಳಿ ಹಿಡಿದು ನಿಂತ. ಇಲ್ಲಿ ಬಿಟ್ಟರೆ ಇನ್ನು ಕರೆಯುವವರು ಯಾರು? ಚೀಲಕ್ಕೆ ಹಾಕಿ, ಚೀಲವನ್ನು ಹೊಸ್ತಿಲ ಬಳಿ ಇಟ್ಟು, ಗಾಡಿಗೆ ಹಗ್ಗ ಬಿಗಿಯಲು ಹೋದ. ಅವಳು ಚೀಲವನ್ನು ತಂದು ಅವನ ಕೈಗೇ ಕೊಟ್ಟಳು. "ಇದನ್ನ ಮರೀಬೇಡಿ ಮೇಸ್ತ್ರಿ" ಎಂದು ಗಾಡಿ ಹತ್ತಿದಳು. ಕೊನೆಯ ದಿನವೂ ಒಂದು ಮೊಳೆಯನ್ನಾದರೂ ಇಟ್ಟುಕೊಳ್ಳಲಿಲ್ಲವಲ್ಲ ಎಂದು ಅವನಿಗೆ ಸಂಕಟವಾಯಿತು.

ಮನೆಗೆ ಬಂದು ಚೀಲ ಕೊಡವಿದ. ಸುತ್ತಿಗೆ, ಉಳಿಯ ಜೊತೆ ಒಂದು ಕತ್ತರಿ ಬಿತ್ತು. ಹಿಡಿಗೆ ನೀಲಿ ಬಟ್ಟೆ ಸುತ್ತಿದ, ಅವಳು ಯಾರಿಗೂ ಮುಟ್ಟಗೊಡದ ಕತ್ತರಿ.

"ಯಾರದೋ ಅದು?" ಅಕ್ಕ ಕೇಳಿದಳು.

"ಟೈಲರಮ್ಮಂದು. ಮರೆತಿರಬೇಕು."

"ಕತ್ತರಿ ಮರೆಯೋ ಟೈಲರ್ ಎಲ್ಲಾದ್ರೂ ಇದಾಳೇನೋ ಪೆದ್ದ?"

ಅವನು ಕತ್ತರಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಆಮೇಲೆ ಎದ್ದು ಮುಖ ತೊಳೆದ, ಒಗೆದ ಅಂಗಿ ಹಾಕಿಕೊಂಡ, ಕತ್ತರಿ ಹಿಡಿದು ಹೊರಟ.

"ಚೀಲ ಬಿಟ್ಟುಹೋಗ್ತಿದೀಯಲ್ಲೋ" ಎಂದು ಅಕ್ಕ ಬಾಗಿಲಿಗೆ ಬಂದಳು.

"ಇರಲಿ ಅಕ್ಕ. ಕೆಲಸಕ್ಕೆ ಹೋಗ್ತಿಲ್ಲ."