ಸಂಜೆ ಮೇಲೆ ಮುಟ್ಟಬಾರದ ಕರಿಬೇವು

ನೀಲವ್ವ ಯಾರ ಮನೆಯ ಅಕ್ಕಿ ತೊಳೆದ ನೀರನ್ನಾದರೂ ಮೊದಲು ಮೂಸಿ ನೋಡುತ್ತಿದ್ದಳು. ಚಿಕ್ಕಬಾಣಾವರದ ನಮ್ಮ ವಠಾರದಲ್ಲಿ ಪ್ರತಿ ಬಾಗಿಲ ಮುಂದೆಯೂ ಅವಳ ತಾರಸಿ ಗಿಡಗಳಿಗೆಂದು ಆ ನೀರಿನ ಚೆಂಬು ಇಟ್ಟಿರಬೇಕು. ಟ್ಯಾಂಕರ್ ನೀರನ್ನು ಗಿಡಕ್ಕೆ ಸುರಿದರೆ ಓನರ್ ಸುಮ್ಮನಿರುತ್ತಾನೆಯೇ? ಕೆಲಸಕ್ಕೆ ಓಡುವ ಗಡಿಬಿಡಿಯಲ್ಲಿ ಚೆಂಬು ಮರೆತವರಿಗೆ ಸಂಜೆ ಮೆಟ್ಟಿಲ ಮೇಲೆಯೇ ಮಂಗಳಾರತಿ.

ಬಾಗಲಕೋಟೆ ಕಡೆಯ ಒಂಟಿ ಹೆಂಗಸು, ಗಾರೆ ಕೆಲಸಕ್ಕೆ ಹೋಗುತ್ತಿದ್ದಳು. ಕಟ್ಟಡಗಳಲ್ಲಿ ಬಿಸಾಡಿದ ಪೇಂಟ್ ಬಕೆಟ್, ಸಿಮೆಂಟ್ ಚೀಲಗಳನ್ನು ತಂದು ತಾರಸಿಯಲ್ಲಿ ಪುಂಡಿಪಲ್ಲೆ, ಮೆಂತ್ಯ, ಮೆಣಸಿನಕಾಯಿ, ಕರಿಬೇವು ಬೆಳೆಸಿದ್ದಳು. ಕೆಟ್ಟುಹೋದ ಟಿವಿ ಡಿಶ್ಶಿಗೆ ಹೀರೆಬಳ್ಳಿ ಹಬ್ಬಿಸಿದ್ದಳು. ದಿನವಿಡೀ ಇಟ್ಟಿಗೆ ಹೊತ್ತವಳು ಮತ್ತೆ ಮಣ್ಣು ಹೊತ್ತು ಮೆಟ್ಟಿಲು ಹತ್ತುವುದನ್ನು ನೋಡಿದರೆ ನನಗೇ ಸೊಂಟ ನೋಯುತ್ತಿತ್ತು.

"ಸಾಕಾಗಲ್ವೇನಕ್ಕಾ ನಿಂಗೆ?" ಎಂದಿದ್ದೆ ಒಮ್ಮೆ.

"ಸಾಕಾಗೇತಿ ಯವ್ವಾ. ಆದ್ರ ಇಲ್ಲಿ ಬಂದು ಒಂದೀಟು ಕುಂತ್ರ, ಮನ್ಯಾಗ ಕುಂತಂಗ ಆಕ್ಕೈತಿ."

ಮೂಸುವ ಚಟ ಅಂಟಿದ್ದು ಒಂದು ಅನಾಹುತದ ನಂತರ. ನಾನು ಪೀಣ್ಯದ ಮಷೀನ್ ಶಾಪಿನಲ್ಲಿ ಪಾರ್ಟ್ಸ್ ಚೆಕ್ ಮಾಡುವವಳು. ಅಲ್ಲಿಂದ ತಂದ ಕ್ಯಾನೊಂದನ್ನು ತೊಳೆಯೋಣವೆಂದು ನೀರು ತುಂಬಿಸಿ ಬಾಗಿಲಲ್ಲಿಟ್ಟಿದ್ದೆ. ತಳದಲ್ಲಿ ಮಷೀನು ತಣಿಸಲು ಹಾಕುವ ಕೂಲೆಂಟ್ ಎಣ್ಣೆ ಉಳಿದಿತ್ತು. ಅದು ನೀರಿಗೆ ಬೆರೆತರೆ ಥೇಟ್ ಅಕ್ಕಿ ತೊಳೆದ ನೀರಿನ ಬಣ್ಣ. ನೀಲವ್ವ ಖುಷಿಯಿಂದ ಎತ್ತಿಕೊಂಡು ಹೋಗಿ ಮೆಣಸಿನ ಗಿಡಗಳಿಗೆಲ್ಲ ಸುರಿದಳು. ಕೆಲವೇ ದಿನಗಳಲ್ಲಿ ಸಾಲಿಗೆ ಸಾಲೇ ಸುಟ್ಟು ಕರಕಲು. "ಇಷ್ಟು ಅಕ್ಕಿ ಯಾರು ತಿಂತಾರ ಅಂತ ತಿಳೀಬಾರದಾ ನನಗ?" ಎಂದು ತನ್ನನ್ನೇ ಬೈದುಕೊಂಡಳು. ಅಂದಿನಿಂದ ಮೂಸಾಟ ಶುರು. "ಇವತ್ತು ರೇಶನ್ ಅಕ್ಕಿ ಏನ?" ಎಂದು ಎಲ್ಲರೆದುರು ಕೇಳಿ ಮಾನ ತೆಗೆಯುತ್ತಿದ್ದಳು.

ಇನ್ನೊಂದು ಕಟ್ಟಳೆ ಇತ್ತು. ಹೊತ್ತು ಮುಳುಗಿದ ಮೇಲೆ ಗಿಡ ಮುಟ್ಟುವಂತಿಲ್ಲ. ನಾನು ಶಿಫ್ಟ್ ಮುಗಿಸಿ ಬಸ್ಸಿನಲ್ಲಿ ನಜ್ಜುಗುಜ್ಜಾಗಿ ಬರುವಷ್ಟರಲ್ಲಿ ಕತ್ತಲೆ. ಒಂದೆಸಳು ಕರಿಬೇವು ಕೇಳಿದರೆ, "ಮಲಕೊಂಡಾವ. ದುಡದು ಬಂದು ಮಲಗಿದಾಗ ನಿನ್ನ ಯಾರರ ಎಬ್ಬಿಸಿದ್ರ ಹೆಂಗಾಕ್ಕೈತಿ?" ಅನ್ನುತ್ತಿದ್ದಳು. ಮೈಯೆಲ್ಲ ಉರಿಯುತ್ತಿತ್ತು. ಇಡೀ ವಠಾರದಲ್ಲಿ ಹೊತ್ತಿಗೆ ಸರಿಯಾಗಿ ಮಲಗುತ್ತಿದ್ದದ್ದು ಆ ಗಿಡಗಳು ಮಾತ್ರ.

ನನಗೆ ರಜೆಯಿದ್ದ ಒಂದು ದಿನ, ನಾವಿಬ್ಬರೂ ತಾರಸಿಯಲ್ಲಿದ್ದಾಗ, ದೀಪ ಹಚ್ಚುವ ಹೊತ್ತಿಗೆ ಓನರ್ ಬಂದ. ಮೇಲೆ ಇನ್ನೊಂದು ಮಹಡಿ ಏಳಿಸುತ್ತಾನಂತೆ. "ಬೆಳಿಗ್ಗೆ ಮೇಸ್ತ್ರಿ ಬರ್ತಾನಮ್ಮಾ, ಇದೆಲ್ಲಾ ಈಗ್ಲೇ ಖಾಲಿ ಮಾಡ್ಬಿಡು."

"ಅಣ್ಣಾರ, ಗಿಡ ಮಲಕೊಂಡಾವ್ರಿ. ನಸುಕಿನ್ಯಾಗ ಇಳಸ್ತೀನಿ."

"ಮಲಗಿದ್ರೆ ಇನ್ನೂ ಸುಲಭ, ಎತ್ಕೊಂಡ್ ಹೋಗು. ಇಲ್ದಿದ್ರೆ ಹುಡುಗ್ರು ಬಂದು ಕೆಳಗೆ ಎಸೀತಾರೆ," ಎಂದು ನಕ್ಕ.

"ಒಂದು ರಾತ್ರಿ ತಡ್ಕೊಳ್ಳೋಕಾಗಲ್ವೇನ್ರೀ?" ಎಂದು ನಾನು ರೇಗಿದೆ. ನೀಲವ್ವ ನನ್ನ ಕೈ ಹಿಡಿದು ಜಗ್ಗಿದಳು. ಬಾಡಿಗೆಯವರ ಮಾತು ಎಲ್ಲಿ ನಡೆಯುತ್ತದೆ?

ಅವನು ಇಳಿದುಹೋದ ಮೇಲೆ ಅವಳು ಒಂದೊಂದೇ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಬೆರಳ ತುದಿಯಿಂದ ಎಲೆಗಳಿಗೆ ನೀರು ಚಿಮುಕಿಸಿ, ಮಕ್ಕಳನ್ನು ಎಬ್ಬಿಸಿದ ಹಾಗೆ, "ಏಳವ್ವಾ, ಏಳು. ತಪ್ಪಾತು," ಅಂದಳು. ಪ್ರತಿಯೊಂದಕ್ಕೂ ಅಷ್ಟು ಹೇಳಿಯೇ ಎತ್ತಿ, ನೆರವಿಗೆ ಬಂದ ವಠಾರದ ನಮ್ಮೆಲ್ಲರ ಕೈಗೆ ಕೊಟ್ಟಳು. ಹೀರೆಬಳ್ಳಿ ಬಿಡಿಸಲು ಬರಲಿಲ್ಲ, ತುಂಡಾಯಿತು. ನನ್ನ ಪಾಲಿಗೆ ಕರಿಬೇವು ಬಂತು.

ಬೆಳಿಗ್ಗೆ ಮೇಸ್ತ್ರಿಗೆ ಆಳು ಸಾಲಲಿಲ್ಲ. ನೀಲವ್ವನನ್ನೇ ಕರೆದ. ಇವಳು ಹೋದಳು! ಅದೇ ತಾರಸಿಗೆ ಇಟ್ಟಿಗೆ ಹೊತ್ತಳು. "ಅಯ್ಯೋ ಅಕ್ಕಾ, ಬೇರೆ ಕಡೆ ಹೋಗ್ಬಾರ್ದಾ?" ಎಂದರೆ, "ಇದ ಹತ್ರ ಆಕ್ಕೈತಿ, ಬಸ್ಸಿನ ತ್ರಾಸ ಇಲ್ಲ," ಎಂದಳು. ಅವಳ ಮುಖ ನೋಡಲಾಗಲಿಲ್ಲ ನನಗೆ.

ಹೊಸ ಮಹಡಿಗೆ ಆರ್‌ಸಿಸಿ ಚಾವಣಿ ಹಾಕಿ ಮುಗಿದ ಮೇಲೆ ಮೇಸ್ತ್ರಿಯ ಗುಂಪಿನೊಂದಿಗೆ ಮಾಕಳಿ ಕಡೆ ಕೆಲಸಕ್ಕೆ ಹೊರಟಳು. ಇಲ್ಲಿನ ರೂಮು ಬಿಟ್ಟಳು; ಅಲ್ಲಿ ಇರಲು ತಗಡಿನ ಶೆಡ್ಡಂತೆ. ಗಂಟು ಎತ್ತಿಕೊಂಡು, "ಕರಿಬೇವು ಜ್ವಾಕಿ. ಸಂಜಿ ಆದ ಮ್ಯಾಲ..." ಎಂದಳು.

"ಗೊತ್ತು, ಹೋಗಕ್ಕಾ," ಎಂದೆ. ಆಮೇಲೆ ಅವಳ ಫೋನ್ ಸಿಕ್ಕಿಲ್ಲ.

ನಿನ್ನೆ ಓವರ್‌ಟೈಮ್ ಮುಗಿಸಿ ಬಂದು ಸಾರಿಗೆ ಒಗ್ಗರಣೆ ಇಟ್ಟೆ. ಸಾಸಿವೆ ಸಿಡಿಯಿತು, ಕೈ ಕಿಟಕಿಯಲ್ಲಿಟ್ಟ ಕರಿಬೇವಿನ ಗಿಡಕ್ಕೆ ಹೋಯಿತು. ಹೋದದ್ದು ಹಾಗೇ ವಾಪಸು ಬಂತು. ಹಾಳಾದ್ದು, ಯಾರು ನೋಡುತ್ತಿದ್ದರು? ಅಕ್ಕ ಈಗ ಎಲ್ಲಿ ಮಲಗಿದ್ದಾಳೋ, ಅವಳನ್ನು ಯಾರು ಎಬ್ಬಿಸುತ್ತಾರೋ ಎಂದು ಅಳು ಬಂತು. ಕರಿಬೇವಿಲ್ಲದ ಸಾರು ಸಪ್ಪೆಯಾಗಿತ್ತು. ಅದನ್ನೇ ಉಂಡು, ಗಿಡದ ಕಡೆಯ ದೀಪ ಆರಿಸಿ ಮಲಗಿದೆ.